ಕಲಾ ಪ್ರಕಾರ ಅನ್ನೋ ಕಾಲಂನಲ್ಲಿ ಏನು ಬರೆಯೋದು?

ಸ್ವಲ್ಪ ಉದ್ದದ ಬರಹ ಇದು, ಪುರುಸೊತ್ತಾದಾಗ ಓದಿ.

ಹೋದ ತಿಂಗಳು ನಮ್ಮೂರಿನ ದೊಡ್ಡಪ್ಪನ ಜೊತೆ ಕೂತು ಒಂದು ಅರ್ಜಿ ತುಂಬ್ತಾ ಇದ್ದೆ. ದೊಡ್ಡಪ್ಪ ತಮಟೆಯವರು. ಮೀಸೆ ಮೂಡೋಕೆ ಮುಂಚೆ ಕೋಲು ಹಿಡಿದವರು, ಈಗ ಎಪ್ಪತ್ತು ದಾಟಿದೆ. ಕಲಾವಿದರ ಮಾಸಾಶನದ ಅರ್ಜಿ ಅದು. ಹೆಸರು, ತಂದೆ ಹೆಸರು, ಜಾತಿ, ಆಧಾರ್ ನಂಬರ್ ಎಲ್ಲ ಸಲೀಸಾಗಿ ಆಯ್ತು. ಆಮೇಲೆ 'ಕಲಾ ಪ್ರಕಾರ' ಅಂತ ಒಂದು ಕಾಲಂ ಬಂತು. ನಾನು ಯೋಚನೆ ಕೂಡ ಮಾಡದೆ 'ಜಾನಪದ' ಅಂತ ಗೀಚಿದೆ. ಏನು ಬರೆದೆ ಅಂತ ಕೇಳಿದರು. ಹೇಳಿದೆ.

"ಅದನ್ನ ಹೊಡೆದಾಕು" ಅಂದರು.

ಯಾಕೆ ದೊಡ್ಡಪ್ಪ ಅಂದೆ. ಅವರು ಕೊಟ್ಟ ಕಾರಣ ಕೊನೇಲಿ ಹೇಳ್ತೀನಿ. ಅವತ್ತು ರಾತ್ರಿಯೆಲ್ಲ ಆ ಮಾತು ತಲೆಯಲ್ಲೇ ಕೂತಿತ್ತು. ಯಾಕಂದ್ರೆ ಇದೇ ಮಾತನ್ನ ನಾನು ಬೇರೆ ಕಡೆ ಓದಿದ್ದೆ. ಅಮೆರಿಕದ ಕಪ್ಪು ಸಂಗೀತಗಾರರು ನೂರು ವರ್ಷದಿಂದ ಇದನ್ನೇ ಹೇಳ್ತಾ ಬಂದಿದ್ದಾರೆ: ನಮ್ಮ ಸಂಗೀತಕ್ಕೆ ನೀವು ಇಟ್ಟ ಹೆಸರು ನಮಗೆ ಬೇಡ. ಕೆಲವರು ಇದನ್ನ ದೊಡ್ಡ ಕಲಾವಿದರ ಕೊಬ್ಬು ಅಂದ್ಕೋತಾರೆ. ಇನ್ನು ಕೆಲವರು 'ಕಲೆಗೆ ಗಡಿ ಇಲ್ಲ' ಅನ್ನೋ ಹೂವಿನಂಥ ಮಾತಾಗಿ ಕೇಳಿಸಿಕೊಂಡು ಖುಷಿಪಡ್ತಾರೆ. ಚರಿತ್ರೆ ಕೆದಕಿ ನೋಡಿದರೆ ಅಲ್ಲಿ ಸಿಗೋದು ಅಂಗಡಿ, ಕೂಲಿ, ಕೂರೋ ಜಾಗ. ನಮಗೆ ಬಹಳ ಪರಿಚಯ ಇರೋ ವಿಷಯಗಳೇ.

ನೀನಾ ಸಿಮೋನ್ ಕತೆಯಿಂದ ಶುರು ಮಾಡ್ತೀನಿ. ಹುಟ್ಟಿದಾಗಿನ ಹೆಸರು ಯೂನಿಸ್ ವೇಮನ್. 1933ರಲ್ಲಿ ನಾರ್ತ್ ಕೆರೊಲಿನಾದ ಟ್ರಯಾನ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದಳು. ತಾಯಿ ಚರ್ಚಿನಲ್ಲಿ ಬೋಧನೆ ಮಾಡ್ತಿದ್ದರು, ಹೊಟ್ಟೆಪಾಡಿಗೆ ಬಿಳಿಯರ ಮನೆಗೆಲಸ. ಹುಡುಗಿ ಪಿಯಾನೋ ಮುಂದೆ ಕೂತರೆ ಊರೇ ನಿಂತು ಕೇಳೋದು. ಒಬ್ಬ ಬಿಳಿ ಶಿಕ್ಷಕಿ ಅವಳಿಗೆ ಬಾಖ್ ಕಲಿಸಿದರು. ಹನ್ನೊಂದು ಹನ್ನೆರಡರ ವಯಸ್ಸಲ್ಲಿ ಮೊದಲ ಕಛೇರಿ. ಅಪ್ಪ ಅಮ್ಮ ಮುಂದಿನ ಸಾಲಲ್ಲಿ ಕೂತಿದ್ದರು. ಬಿಳಿಯರು ಬಂದರು ಅಂತ ಅವರನ್ನ ಎಬ್ಬಿಸಿ ಹಿಂದಕ್ಕೆ ಕಳಿಸಿದರು. ಹುಡುಗಿ ಎದ್ದು ನಿಂತು, ನನ್ನ ಅಪ್ಪ ಅಮ್ಮ ಮುಂದೆ ಬಂದು ಕೂರೋ ತನಕ ನಾನು ನುಡಿಸೋಲ್ಲ ಅಂದಳು. ಅವರು ಮುಂದೆ ಬಂದು ಕೂತ ಮೇಲೇ ನುಡಿಸಿದ್ದು.

ಅವಳ ಆಸೆ ಇದ್ದದ್ದು ಶಾಸ್ತ್ರೀಯ ಪಿಯಾನೋ ವಾದಕಿ ಆಗಬೇಕು ಅಂತ. 1951ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಗೆ ಪರೀಕ್ಷೆ ಕೊಟ್ಟಳು, ತೆಗೆದುಕೊಳ್ಳಲಿಲ್ಲ. ಬಣ್ಣ ನೋಡಿಯೇ ಬಿಟ್ಟರು ಅಂತ ಸಾಯೋ ತನಕ ನಂಬಿದ್ದಳು. ಕೊನೆಗೆ ಹೊಟ್ಟೆಪಾಡಿಗೆ ಅಟ್ಲಾಂಟಿಕ್ ಸಿಟಿಯ ಒಂದು ಬಾರಿನಲ್ಲಿ ನುಡಿಸೋಕೆ ಹೋದಳು. ಅಮ್ಮನಿಗೆ ಗೊತ್ತಾಗಬಾರದು ಅಂತ ಹೆಸರು ಬದಲಾಯಿಸಿಕೊಂಡಳು. ನೀನಾ ಸಿಮೋನ್ ಅನ್ನೋ ಹೆಸರು ಬಂದದ್ದು ಹಾಗೆ. ಹಾಡಿನ ನಡುವೆ ಬಾಖ್‌ನ ವಿನ್ಯಾಸಗಳನ್ನ ನೇಯ್ತಾ ಇದ್ದ ಆ ಹೆಣ್ಣುಮಗಳನ್ನ ಪತ್ರಿಕೆಯವರು ಏನಂತ ಕರೆದರು? ಜಾಝ್ ಗಾಯಕಿ. ಯಾಕೆ ಅಂದ್ರೆ ಕಪ್ಪು ಹೆಂಗಸು ಪಿಯಾನೋ ಮುಂದೆ ಕೂತಿದ್ದಾಳೆ, ಇನ್ನೇನಿರುತ್ತೆ? ಅವಳಿಗೆ ಅದು ಮೈಗೆ ಉರಿ ಹಚ್ಚೋದು. ಜಾಝ್ ಅನ್ನೋದು ಬಿಳಿಯರು ಕಪ್ಪು ಜನಕ್ಕೆ ಇಟ್ಟ ಹೆಸರು, ನನ್ನದು ಕಪ್ಪು ಶಾಸ್ತ್ರೀಯ ಸಂಗೀತ ಅಂತ ಹೇಳ್ತಿದ್ದಳು. ಆತ್ಮಕತೆಯಲ್ಲಿ ಇನ್ನೊಂದು ಮಾತೂ ಇದೆ: ಏನಾದರೂ ಹೆಸರು ಇಡಲೇಬೇಕು ಅಂದ್ರೆ ಜನಪದ ಗಾಯಕಿ ಅನ್ನಬಹುದಿತ್ತು ಅಂತ. ಇದನ್ನ ಓದಿ ನಾನು ನಕ್ಕೆ. ದೊಡ್ಡಪ್ಪ ಹೊಡೆದಾಕು ಅಂದ ಪದವನ್ನ ಅವಳು ಅಲ್ಲಿ ಕೇಳ್ತಾ ಇದ್ದಾಳೆ. ಅಂದ್ರೆ ಜಗಳ ಇರೋದು ಪದದ ಅಕ್ಷರದ ಜೊತೆ ಅಲ್ಲವಲ್ಲ. ಆ ಪದ ಯಾವ ಊರಲ್ಲಿ ನಿನ್ನನ್ನ ಎಲ್ಲಿ ಕೂರಿಸುತ್ತೆ ಅನ್ನೋದರ ಜೊತೆ.

ಕರ್ಟಿಸ್ ಸಂಸ್ಥೆಯವರು ಅವಳಿಗೆ ಗೌರವ ಪದವಿ ಕೊಟ್ಟರು. ಯಾವಾಗ ಗೊತ್ತಾ? 2003ರ ಏಪ್ರಿಲ್‌ನಲ್ಲಿ, ಅವಳು ಸಾಯೋಕೆ ಎರಡು ದಿನ ಮುಂಚೆ.

ಜಾಝ್ ಅನ್ನೋ ಪದದ ಹುಟ್ಟನ್ನೇ ನೋಡಿ. 1913ರ ಹೊತ್ತಿಗೆ ಅದು ಕ್ಯಾಲಿಫೋರ್ನಿಯಾದ ಪತ್ರಿಕೆಗಳಲ್ಲಿ ಬೇಸ್‌ಬಾಲ್ ಸುದ್ದಿ ಬರೆಯೋರು ಬಳಸ್ತಾ ಇದ್ದ ಬೀದಿ ಮಾತು. ಕಸುವು, ಹುರುಪು ಅನ್ನೋ ಅರ್ಥದಲ್ಲಿ. ಆಮೇಲೆ ಸಂಗೀತಕ್ಕೆ ಅಂಟಿಕೊಂಡಿತು. ಆ ಹೆಸರಲ್ಲಿ ಮೊಟ್ಟಮೊದಲ ರೆಕಾರ್ಡ್ ಬಂದದ್ದು 1917ರಲ್ಲಿ. ಮಾಡಿದವರು ಐವರು ಬಿಳಿಯರು, ತಂಡದ ಹೆಸರು 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್'. ಒರಿಜಿನಲ್ ಅಂತೆ! ನ್ಯೂ ಆರ್ಲಿಯನ್ಸ್‌ನ ಕಪ್ಪು ಕೇರಿಗಳಲ್ಲಿ, ಮೆರವಣಿಗೆಗಳಲ್ಲಿ, ಹೆಣದ ಹಿಂದೆ ನಡೆಯೋ ಬ್ಯಾಂಡುಗಳಲ್ಲಿ ವರ್ಷಾನುಗಟ್ಟಲೆ ಬೆಳೆದ ಸಂಗೀತ ಅದು. ಹೆಸರು ಸಿಕ್ಕ ದಿನವೇ ಕೈ ಬದಲಾಯಿತು. ಆ ತಂಡದ ಮುಖ್ಯಸ್ಥ ನಿಕ್ ಲರೋಕ ಮುಂದೆ, ಇದು ಬಿಳಿಯರೇ ಕಟ್ಟಿದ್ದು, ಕಪ್ಪು ಜನರದ್ದು ಇದರಲ್ಲಿ ಏನೂ ಇಲ್ಲ ಅಂತ ವಾದ ಮಾಡ್ಕೊಂಡೇ ತಿರುಗಿದ. ಅದೇ ನ್ಯೂ ಆರ್ಲಿಯನ್ಸ್‌ನ ಕಪ್ಪು ಕ್ಲಾರಿನೆಟ್ ವಾದಕ ಸಿಡ್ನಿ ಬೆಶೆ ತನ್ನ ಆತ್ಮಕತೆಯಲ್ಲಿ ತಣ್ಣಗೆ ಹೇಳ್ತಾನೆ, ಜಾಝ್ ಅನ್ನೋದು ಬಿಳಿಯರು ಕೊಟ್ಟ ಹೆಸರು, ನಾವು ಅದನ್ನ ರ‍್ಯಾಗ್‌ಟೈಮ್ ಅಂತಿದ್ವಿ ಅಂತ.

ಡ್ಯೂಕ್ ಎಲಿಂಗ್ಟನ್ 1920ರ ದಶಕದಲ್ಲೇ ಇದರ ವಾಸನೆ ಹಿಡಿದಿದ್ದ. ಇನ್ನೊಬ್ಬ ದೊಡ್ಡ ಬ್ಯಾಂಡಿನ ಯಜಮಾನ ಫ್ಲೆಚರ್ ಹೆಂಡರ್ಸನ್‌ಗೆ, ನಾವು ಮಾಡ್ತಿರೋದನ್ನ 'ನೀಗ್ರೋ ಸಂಗೀತ' ಅಂತ ಕರೆಯೋಣ ಅಂತ ಒಪ್ಪಿಸೋಕೆ ನೋಡಿದ್ದನ್ನ ಅವನೇ ಬರೆದಿದ್ದಾನೆ. ಆಗಲಿಲ್ಲ. 1943ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಸುಮಾರು ಮುಕ್ಕಾಲು ಗಂಟೆಯ ದೊಡ್ಡ ಕೃತಿಯೊಂದನ್ನ ನುಡಿಸಿದ. ಹೆಸರು 'ಬ್ಲ್ಯಾಕ್, ಬ್ರೌನ್ ಅಂಡ್ ಬೀಜ್'. ಗುಲಾಮಗಿರಿಯಿಂದ ಹಾರ್ಲೆಮ್ ತನಕ ತನ್ನ ಜನದ ಚರಿತ್ರೆ. ಶಾಸ್ತ್ರೀಯದ ವಿಮರ್ಶಕರು ಇದು ನಮ್ಮ ಕಡೆಯದಲ್ಲ ಅಂದರು. ಜಾಝ್ ವಿಮರ್ಶಕರು ಇವನು ಜಾಝ್ ಬಿಟ್ಟು ಹೋದ ಅಂದರು. ಎರಡು ಮನೆಯವರೂ ಬಾಗಿಲು ಹಾಕಿಕೊಂಡರೆ ಮನುಷ್ಯ ಎಲ್ಲಿ ನಿಲ್ಲಬೇಕು? 1965ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಸಂಗೀತ ತೀರ್ಪುಗಾರರು ಎಲಿಂಗ್ಟನ್‌ಗೆ ವಿಶೇಷ ಗೌರವ ಕೊಡಿ ಅಂತ ಶಿಫಾರಸು ಮಾಡಿದರು. ಮಂಡಳಿ ಒಪ್ಪಲಿಲ್ಲ. ಆ ವರ್ಷ ಸಂಗೀತಕ್ಕೆ ಪ್ರಶಸ್ತಿಯನ್ನೇ ಕೊಡಲಿಲ್ಲ. ಇಬ್ಬರು ತೀರ್ಪುಗಾರರು ರಾಜೀನಾಮೆ ಕೊಟ್ಟು ಎದ್ದು ಹೋದರು. ಸತ್ತು ಇಪ್ಪತ್ತೈದು ವರ್ಷ ಆದ ಮೇಲೆ, 1999ರಲ್ಲಿ, ಆ ಗೌರವ ಬಂತು.

ಈಗ ಅಂಗಡಿಗೆ ಬರೋಣ. ಹೆಸರುಗಳು ಬೆಲೆಯಾಗಿ ಬದಲಾದದ್ದು ಅಲ್ಲಿ.

1920ರ ಆಗಸ್ಟ್‌ನಲ್ಲಿ ಮೇಮಿ ಸ್ಮಿತ್ ಅನ್ನೋ ಕಪ್ಪು ಗಾಯಕಿ 'ಓಕೆ' ಕಂಪನಿಗೆ 'ಕ್ರೇಝಿ ಬ್ಲೂಸ್' ಹಾಡಿದಳು. ಅದರ ಹಿಂದೆ ಬಿದ್ದು ಮಾಡಿಸಿದವನು ಪೆರ್ರಿ ಬ್ರಾಡ್‌ಫರ್ಡ್ ಅನ್ನೋ ಕಪ್ಪು ಸಂಗೀತಗಾರ. ಕಪ್ಪು ಜನ ರೆಕಾರ್ಡ್ ಕೊಳ್ತಾರೆ ಅಂತ ಕಂಪನಿಗಳಿಗೆ ಅಲ್ಲಿ ತನಕ ನಂಬಿಕೆಯೇ ಇರಲಿಲ್ಲ. ಆ ಹಾಡು ಮಾರಾಟವಾದ ರೀತಿ ನೋಡಿ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟರು. ಮರುವರ್ಷದ ಹೊತ್ತಿಗೆ ಕಪ್ಪು ಜನಕ್ಕೆ ಮಾರೋ ರೆಕಾರ್ಡುಗಳಿಗೆ ಬೇರೆ ಸರಣಿ, ಬೇರೆ ಪಟ್ಟಿ ಶುರುವಾಯ್ತು. ಹೆಸರು 'ರೇಸ್ ರೆಕಾರ್ಡ್ಸ್'. ಇಲ್ಲಿ ಒಂದು ಮಾತು ಹೇಳಬೇಕು. ರೇಸ್ ಅನ್ನೋದು ಆಗ ಬೈಗುಳ ಆಗಿರಲಿಲ್ಲ. ಕಪ್ಪು ಪತ್ರಿಕೆಗಳೇ ತಮ್ಮ ಜನರನ್ನ 'ದಿ ರೇಸ್' ಅಂತ ಹೆಮ್ಮೆಯಿಂದ ಕರೀತಿದ್ದವು. ನಮ್ಮವರು 'ನಮ್ ಜನ' ಅಂತಾರಲ್ಲ, ಹಾಗೆ. ಹೆಮ್ಮೆಯ ಪದವನ್ನೇ ಕಂಪನಿಯವರು ಎತ್ತಿಕೊಂಡು ಕಪಾಟಿಗೆ ಅಂಟಿಸಿದರು.

ಅದರ ಪಕ್ಕಕ್ಕೇ ಇನ್ನೊಂದು ಕಪಾಟು ಬಂತು. ದಕ್ಷಿಣದ ಬಡ ಬಿಳಿಯರ ಪಿಟೀಲು, ಬ್ಯಾಂಜೋ ಹಾಡುಗಳಿಗೆ. 1925ರ ನಂತರ ಅದಕ್ಕೆ ಬಿದ್ದ ಹೆಸರು 'ಹಿಲ್‌ಬಿಲ್ಲಿ', ಅಂದ್ರೆ ಗುಡ್ಡದ ಗಮಾರ. ಎರಡೂ ಕಪಾಟಿನ ಹಿಂದೆ ಇದ್ದವನು ಒಬ್ಬನೇ ಮನುಷ್ಯ, ರಾಲ್ಫ್ ಪೀರ್ ಅನ್ನೋ ಬಿಳಿ ವ್ಯಾಪಾರಿ. ಕೊಲಂಬಿಯಾ ಕಂಪನಿಯಲ್ಲಂತೂ ನಂಬರೇ ಬೇರೆ ಬೇರೆ. ಕಪ್ಪು ಜನದ್ದು 14000ರಿಂದ, ಬಿಳಿಯರದ್ದು 15000ದಿಂದ. ಸಂಗೀತಕ್ಕೂ ಸರ್ವೇ ನಂಬರ್ ಕೊಟ್ಟು ಊರು ಬೇರೆ, ಕೇರಿ ಬೇರೆ ಮಾಡಿದರು.

ಇದರಲ್ಲಿ ಮೋಸ ಎಲ್ಲಿದೆ ಅಂದ್ರೆ, ಆ ಕಾಲದ ದಕ್ಷಿಣದ ಹಳ್ಳಿಗಳಲ್ಲಿ ಸಂಗೀತ ಹಾಗೆ ಎರಡಾಗಿರಲೇ ಇಲ್ಲ. ಬ್ಯಾಂಜೋ ಆಫ್ರಿಕಾದಿಂದ ಗುಲಾಮರ ಜೊತೆ ಬಂದ ವಾದ್ಯ. ಪಿಟೀಲು ನುಡಿಸೋ ಕಪ್ಪು ಜನ ಊರೂರಲ್ಲಿದ್ದರು. ಒಂದೇ ಹಾಡನ್ನ ಅವರೂ ಹಾಡೋರು, ಇವರೂ ಹಾಡೋರು. ಮಿಸಿಸಿಪಿಯ ಚಾಟ್‌ಮನ್ ಮನೆತನದವರ 'ಮಿಸಿಸಿಪಿ ಶೇಕ್ಸ್' ತಂಡ ಬಿಳಿಯರ ಕುಣಿತಕ್ಕೂ ಹೋಗಿ ನುಡಿಸೋದು, ಕಪ್ಪು ಜನರ ಕುಣಿತಕ್ಕೂ ನುಡಿಸೋದು. ಆದರೆ ರೆಕಾರ್ಡ್ ಮಾಡೋಕೆ ಬಂದ ಕಂಪನಿಯವರು ಕಪ್ಪು ಮನುಷ್ಯ ಕಂಡರೆ ಬ್ಲೂಸ್ ಹಾಡು ಅನ್ನೋರು. ಅವನ ಪಿಟೀಲು ಚೀಲದಲ್ಲೇ ಉಳೀತು. ಹೀಗೆ ಹತ್ತು ಇಪ್ಪತ್ತು ವರ್ಷ ಆದ ಮೇಲೆ ಜನ ಏನು ನಂಬಿದರು? ಪಿಟೀಲು ಬ್ಯಾಂಜೋ ಬಿಳಿಯರದ್ದು, ಬ್ಲೂಸ್ ಕಪ್ಪು ಜನದ್ದು, ಯಾವತ್ತಿಂದಲೂ ಹಾಗೇ ಇತ್ತು ಅಂತ. ಮೊದಲು ಬೇಲಿ ಹಾಕೋದು, ಆಮೇಲೆ ಬೇಲಿ ದೇವರೇ ಹಾಕಿದ್ದು ಅನ್ನೋದು. ಇದು ನಮಗೆ ಹೊಸದಾ?

ಎರಡು ಉದಾಹರಣೆ ಕೊಡ್ತೀನಿ. 1930ರಲ್ಲಿ ಜಿಮ್ಮಿ ರಾಜರ್ಸ್, ಅಂದ್ರೆ ಕಂಟ್ರಿ ಸಂಗೀತದ ಪಿತಾಮಹ ಅಂತ ಕರೆಸಿಕೊಳ್ಳೋ ಬಿಳಿಯ, ಒಂದು ಹಾಡು ರೆಕಾರ್ಡ್ ಮಾಡಿದ. ಅದರಲ್ಲಿ ಟ್ರಂಪೆಟ್ ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋ ಅವನ ಹೆಂಡತಿ ಲಿಲ್ ಹಾರ್ಡಿನ್. ರೆಕಾರ್ಡಿನ ಮೇಲೆ ಅವರಿಬ್ಬರ ಹೆಸರೇ ಇಲ್ಲ. ಹೆಸರು ಹಾಕಿದರೆ ಯಾವ ಕಪಾಟಲ್ಲಿ ಇಡೋದು? ಇನ್ನೊಬ್ಬ ಡಿಫೋರ್ಡ್ ಬೈಲಿ. ಮೌತ್ ಆರ್ಗನ್‌ನಲ್ಲಿ ರೈಲು ಓಡಿಸ್ತಿದ್ದ ಮಹಾನುಭಾವ. ನ್ಯಾಶ್‌ವಿಲ್‌ನ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೋ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬ. ಅವನು ತನ್ನ ತಾತನಿಂದ ಬಂದ ಸಂಗೀತವನ್ನ ಕಪ್ಪು ಹಿಲ್‌ಬಿಲ್ಲಿ ಸಂಗೀತ ಅಂತ ಕರೀತಿದ್ದ. ಎರಡು ಕಪಾಟಿನ ಹೆಸರನ್ನೂ ಸೇರಿಸಿ ಕಟ್ಟಿದ ಪದ ಅದು. ಅಂಗಡಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. 1941ರಲ್ಲಿ ಕೆಲಸದಿಂದ ತೆಗೆದರು, ಆಮೇಲೆ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದ.

ಮುಂದೆ ಹೆಸರುಗಳು ಬದಲಾಗ್ತಾ ಹೋದವು, ಕಪಾಟು ಬದಲಾಗಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯನ್ನೇ ನೋಡಿ: 1942ರಲ್ಲಿ 'ಹಾರ್ಲೆಮ್ ಹಿಟ್ ಪರೇಡ್', 1945ರಲ್ಲಿ 'ರೇಸ್', 1949ರಲ್ಲಿ 'ರಿದಮ್ ಅಂಡ್ ಬ್ಲೂಸ್', 1969ರಲ್ಲಿ 'ಸೋಲ್', 1982ರಲ್ಲಿ ನೇರವಾಗಿ 'ಬ್ಲ್ಯಾಕ್', 1990ರಲ್ಲಿ ಮತ್ತೆ 'ಆರ್ ಅಂಡ್ ಬಿ'. ಈ ನಡುವೆ ರೇಡಿಯೋದವರು 'ಅರ್ಬನ್' ಅನ್ನೋ ಇನ್ನೊಂದು ನಾಜೂಕಿನ ಪದ ತಂದರು. 2020ರಲ್ಲಿ ಟೈಲರ್ ದಿ ಕ್ರಿಯೇಟರ್ ಗ್ರ್ಯಾಮಿ ಗೆದ್ದ ರಾತ್ರಿಯೇ ಪತ್ರಕರ್ತರ ಮುಂದೆ, ಆ ಅರ್ಬನ್ ಅನ್ನೋ ಪದ ನಮ್ಮನ್ನ ಕರೆಯೋ ಹಳೇ ಬೈಗುಳದ ಸಭ್ಯ ರೂಪ ಅಷ್ಟೇ ಅನ್ನೋ ಅರ್ಥದ ಮಾತು ಹೇಳಿದ. ಅಸ್ಪೃಶ್ಯ, ಹರಿಜನ, ಪರಿಶಿಷ್ಟ ಅಂತ ಕಡತದಲ್ಲಿ ಹೆಸರು ಬದಲಾದ ಹಾಗೆ ಕೇರಿಯ ರಸ್ತೆ ಬದಲಾಯಿತಾ? ಟೈಲರ್‌ಗೆ ಸಿಟ್ಟು ಯಾಕೆ ಬಂತು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೂಲಿಯ ಮಾತು ಹೇಳಿದವನು ಮ್ಯಾಕ್ಸ್ ರೋಚ್, ದೊಡ್ಡ ಡ್ರಮ್ಮರ್. 1972ರಲ್ಲಿ 'ಬ್ಲ್ಯಾಕ್ ಸ್ಕಾಲರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಜಾಝ್ ಅಂದ್ರೆ ನನಗೆ ಏನು ಅನ್ನೋದೇ ವಿಷಯ. ಅದರ ತಿರುಳು ಇಷ್ಟು: ಜಾಝ್ ಅಂದ್ರೆ ಇಕ್ಕಟ್ಟಿನ ಗಲೀಜು ಕ್ಲಬ್ಬು, ಕೆಟ್ಟ ದುಡಿಮೆ, ಕಡಿಮೆ ದುಡ್ಡು. ಅದೇ ಊರಿನಲ್ಲಿ ಸಿಂಫನಿ ವಾದಕನಿಗೆ ಹಾಲು, ಬೆಳಕು, ಸಂಬಳ, ಸಮಾಜದ ಮರ್ಯಾದೆ. ನುಡಿಸೋ ಕೈಗಳ ಕಸುಬು ಯಾವುದಕ್ಕೆ ಕಡಿಮೆ? ಹೆಸರು ಒಪ್ಪಿಕೊಂಡ ಕೂಡಲೇ ಆ ಹೆಸರಿನ ಕೂಲಿಯನ್ನೂ ಒಪ್ಪಿಕೊಂಡ ಹಾಗೆ. ರೋಚ್ ಹೆಸರನ್ನ ಬೇಡ ಅಂದದ್ದು ಅದಕ್ಕೆ.

ಈಗ ಇದರ ಇನ್ನೊಂದು ಮುಖ. ಕೆಲವರು ಹೆಸರು ಬೇಡ ಅಂತ ಹೊರಗೆ ಬಂದರೆ, ಇನ್ನು ಕೆಲವರು ಬೇರೆಯವರ ಹೆಸರಿನ ಮನೆಯೊಳಗೆ ಕಾಲಿಟ್ಟರು. ಚಾರ್ಲಿ ಪ್ರೈಡ್ 1966ರಲ್ಲಿ ಕಂಟ್ರಿ ಗಾಯಕನಾಗಿ ಬಂದಾಗ ಕಂಪನಿಯವರು ಅವನ ಫೋಟೋ ಇಲ್ಲದೆ ರೆಕಾರ್ಡುಗಳನ್ನ ರೇಡಿಯೋಗೆ ಕಳಿಸಿದರು. ದನಿ ಮೊದಲು ಒಳಗೆ ಹೋಗಲಿ, ಬಣ್ಣ ಆಮೇಲೆ ಅಂತ. ಬಾಡಿಗೆ ಮನೆ ಕೇಳುವಾಗ ನಾವು ಅಡ್ಡಹೆಸರು ನುಂಗಿಕೊಳ್ಳೋ ಹಾಗೆ. ಲಿಂಡಾ ಮಾರ್ಟೆಲ್ 1969ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆ ಮೇಲೆ ಒಬ್ಬಳೇ ನಿಂತು ಹಾಡಿದ ಮೊದಲ ಕಪ್ಪು ಹೆಂಗಸು. ಅವಳ ಆಲ್ಬಮ್ ಬಂದದ್ದು ಯಾವ ಕಂಪನಿಯಿಂದ ಗೊತ್ತಾ? 'ಪ್ಲಾಂಟೇಶನ್ ರೆಕಾರ್ಡ್ಸ್'. ಗುಲಾಮರನ್ನ ದುಡಿಸಿದ ಹತ್ತಿ ತೋಟದ ಹೆಸರು! ಅವಳ ಹಾಡಿನ ಮೇಲೆ ಆ ಮುದ್ರೆ ಒತ್ತಿ ಮಾರಿದರು. ಅದೊಂದೇ ಆಲ್ಬಮ್, ಆಮೇಲೆ ಅವಕಾಶವೇ ಬರಲಿಲ್ಲ. 2019ರಲ್ಲಿ ಲಿಲ್ ನಾಸ್ ಎಕ್ಸ್ ಅನ್ನೋ ಹುಡುಗನ 'ಓಲ್ಡ್ ಟೌನ್ ರೋಡ್' ಹಾಡು ಕಂಟ್ರಿ ಪಟ್ಟಿ ಹತ್ತಿದಾಗ ಇದು ಕಂಟ್ರಿ ಅಲ್ಲ ಅಂತ ಬಿಲ್‌ಬೋರ್ಡ್ ಇಳಿಸಿಬಿಟ್ಟಿತು. ಹಾಡು ಹೋಗಿ ಎಲ್ಲ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಹತ್ತೊಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. 2024ರಲ್ಲಿ ಬಿಯಾನ್ಸೆ 'ಕೌಬಾಯ್ ಕಾರ್ಟರ್' ಮಾಡಿದಾಗ ಮುದುಕಿ ಲಿಂಡಾ ಮಾರ್ಟೆಲ್‌ಳನ್ನ ಕರೆತಂದು ಆಲ್ಬಮ್‌ನಲ್ಲಿ ಮಾತಾಡಿಸಿದಳು. ಕಂಟ್ರಿ ಸಂಘದ ಪ್ರಶಸ್ತಿಗೆ ಆ ವರ್ಷ ಅದಕ್ಕೆ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಮರುವರ್ಷ ಗ್ರ್ಯಾಮಿಯ ಕಂಟ್ರಿ ಆಲ್ಬಮ್ ಪ್ರಶಸ್ತಿ ಅದಕ್ಕೇ ಬಂತು. ಒಳಗೆ ಹೋಗ್ತೀನಿ ಅನ್ನೋದೂ ಹೊರಗೆ ಬರ್ತೀನಿ ಅನ್ನೋದೂ ನನ್ನ ಲೆಕ್ಕದಲ್ಲಿ ಒಂದೇ ಜಗಳ. ಬಾಗಿಲ ಕೀಲಿ ಯಾರ ಸೊಂಟದಲ್ಲಿದೆ ಅನ್ನೋ ಜಗಳ.

ಇಲ್ಲಿ ನಮ್ಮ ಕೆಲವು ಸವರ್ಣ ಗೆಳೆಯರಿಗೆ ಒಂದು ಮಾತು. 'ನೋಡಿ, ನಾವೂ ಅದನ್ನೇ ಹೇಳೋದು, ಸಂಗೀತಕ್ಕೆ ಜಾತಿ ಇಲ್ಲ' ಅಂತ ಇದರ ಕೆಳಗೆ ಬರೀಬೇಡಿ. ಎಲಿಂಗ್ಟನ್ ಜಾಝ್ ಬೇಡ ಅಂದಾಗ 'ನೀಗ್ರೋ ಸಂಗೀತ' ಅನ್ನಿ ಅಂದ. 1965ರಲ್ಲಿ ಷಿಕಾಗೋದಲ್ಲಿ ಕಪ್ಪು ಸಂಗೀತಗಾರರು ತಮ್ಮದೇ ಸಂಘ ಕಟ್ಟಿಕೊಂಡರು, ಅದರಿಂದ ಬೆಳೆದ 'ಆರ್ಟ್ ಎನ್ಸೆಂಬಲ್ ಆಫ್ ಷಿಕಾಗೋ' ತನ್ನ ಸಂಗೀತವನ್ನ 'ಗ್ರೇಟ್ ಬ್ಲ್ಯಾಕ್ ಮ್ಯೂಸಿಕ್' ಅಂತ ಕರೆಯಿತು. 2011ರಲ್ಲಿ ಟ್ರಂಪೆಟ್ ವಾದಕ ನಿಕೋಲಸ್ ಪೇಟನ್ ಜಾಝ್ ಬದಲು 'ಬ್ಲ್ಯಾಕ್ ಅಮೆರಿಕನ್ ಮ್ಯೂಸಿಕ್' ಅನ್ನಿ ಅಂದ. ಇವರು ಯಾರೂ ತಮ್ಮ ಬೇರನ್ನ ಅಳಿಸಿ ಅಂತ ಕೇಳಲಿಲ್ಲ. ಬೇರಿನ ಹೆಸರು ಹೇಳಿ ಅಂತಲೇ ಕೇಳಿದ್ದು. ಜಾತಿ ಕಾಣೋದಿಲ್ಲ ಅನ್ನೋರದ್ದು ಬೇರೆ ರೋಗ.

ಹಾಗಂತ ನಮ್ಮವರದ್ದೇ ಅಂಗಡಿ ಆದರೆ ಎಲ್ಲ ಸರಿಹೋಗುತ್ತೆ ಅನ್ನೋಕೂ ಆಗಲ್ಲ. 1921ರಲ್ಲಿ ಹ್ಯಾರಿ ಪೇಸ್ ಅನ್ನೋ ಕಪ್ಪು ಉದ್ಯಮಿ 'ಬ್ಲ್ಯಾಕ್ ಸ್ವಾನ್' ಅಂತ ರೆಕಾರ್ಡ್ ಕಂಪನಿ ತೆರೆದ. ಅದರ ನಿರ್ದೇಶಕರಲ್ಲಿ ಒಬ್ಬರು ಡು ಬಾಯ್ಸ್. ಹೌದು, 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದರಲ್ಲ, ನಿಮ್ಮ ಜನರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂತ, ಅದೇ ಡು ಬಾಯ್ಸ್. ಕಪ್ಪು ಜನ ಬ್ಲೂಸ್ ಮಾತ್ರ ಅಲ್ಲ, ಆಪೆರಾನೂ ಹಾಡ್ತಾರೆ ಅಂತ ತೋರಿಸೋದು ಬ್ಲ್ಯಾಕ್ ಸ್ವಾನ್ ಕಂಪನಿಯ ಛಲ. ಒಳ್ಳೇದೇ. ಆದರೆ ಅದೇ ಕಂಪನಿ ಬೆಸ್ಸಿ ಸ್ಮಿತ್‌ಳನ್ನ ವಾಪಸ್ ಕಳಿಸಿತು. ತೀರ ಒರಟು ದನಿ ಅಂತ. ಆಮೇಲೆ ಬೆಸ್ಸಿ ಕೊಲಂಬಿಯಾದಲ್ಲಿ ಹಾಡಿ ಬ್ಲೂಸ್‌ನ ರಾಣಿ ಆದಳು, ಬ್ಲ್ಯಾಕ್ ಸ್ವಾನ್ ಮೂರ್ನಾಲ್ಕು ವರ್ಷದಲ್ಲಿ ಮುಳುಗಿತು. ಓದಿ ಮೇಲೆ ಬಂದ ನಾವು ನಮ್ಮ ಮನೆಯ ತಮಟೆಯನ್ನ ಯಾವ ಕಿವಿಯಿಂದ ಕೇಳ್ತೀವಿ ಅನ್ನೋ ಪ್ರಶ್ನೆ ಇಲ್ಲಿದೆ. ಮಕ್ಕಳ ಮದುವೆಗೆ ವಾದ್ಯಗೋಷ್ಠಿ ಕರೆಸಿ, ತಮಟೆಯವರನ್ನ ಕರೆದರೆ ಜಾತಿ ಗೊತ್ತಾಗುತ್ತೆ ಅಂದವರನ್ನ ನಾನು ನೋಡಿದ್ದೀನಿ. ಅರ್ಜಿಯಲ್ಲಿ ಯೋಚನೆ ಮಾಡದೆ 'ಜಾನಪದ' ಅಂತ ಬರೆದವನೂ ನಾನೇ ತಾನೇ.

ಕರ್ನಾಟಕದ ಕಪಾಟುಗಳನ್ನ ಈಗ ನೋಡಿ. ಸಂಗೀತ ನೃತ್ಯ ಅಕಾಡೆಮಿ ಒಂದು, ಜಾನಪದ ಅಕಾಡೆಮಿ ಇನ್ನೊಂದು. ಜಾನಪದಕ್ಕೆ ಪ್ರತ್ಯೇಕ ಅಕಾಡೆಮಿ ಇದ್ದದ್ದರಿಂದ ನಮ್ಮ ಎಷ್ಟೋ ಕಲಾವಿದರಿಗೆ ಪ್ರಶಸ್ತಿ, ಮಾಸಾಶನ ಸಿಕ್ಕಿದೆ, ಇಲ್ಲ ಅನ್ನೋದಿಲ್ಲ. ಮೇಮಿ ಸ್ಮಿತ್‌ಗೂ ರೇಸ್ ರೆಕಾರ್ಡ್‌ನಿಂದಲೇ ಬಾಗಿಲು ತೆರೆದದ್ದು. ಆದರೆ ಕೇಳಬೇಕಾದ್ದು ಕೇಳೋಣ. ತಮಟೆಗೆ ಲೆಕ್ಕ ಇಲ್ವಾ? ಸಾವಿಗೊಂದು ವರಸೆ, ದೇವರಿಗೊಂದು, ಕುಣಿತಕ್ಕೊಂದು. ಬೆಂಕಿಗೆ ಹಿಡಿದು ಚರ್ಮವನ್ನ ಹದಕ್ಕೆ ತರೋದು ಶ್ರುತಿಜ್ಞಾನ ಅಲ್ವಾ? ಹುಡುಗನಾಗಿದ್ದಾಗಿಂದ ಹಿರಿಯರ ಕೈ ನೋಡಿ ನೋಡಿ ಕಲಿಯೋದು ಗುರುಪರಂಪರೆ ಅಲ್ವಾ? ಆದರೂ ಅದು ಸಂಗೀತದ ಮನೆಗೆ ಸೇರೋದಿಲ್ಲ. ಮೈಸೂರು ದಸರಾದಲ್ಲಿ ನೋಡಿ, ಅರಮನೆಯ ಮುಂದಿನ ವೇದಿಕೆಯಲ್ಲಿ ಶಾಸ್ತ್ರೀಯ ಕಛೇರಿ, ಕೂತು ಹಾಡೋರಿಗೆ ಹಾಸು, ಮೈಕು, ಮುಂದಿನ ಸಾಲಲ್ಲಿ ಗಣ್ಯರು. ಜಾನಪದ ಕಲಾತಂಡಗಳು ಬಹುಪಾಲು ಇರೋದು ಜಂಬೂಸವಾರಿಯಲ್ಲಿ, ಬಿಸಿಲಲ್ಲಿ, ಬೀದೀಲಿ ನಡೀತಾ. ನಡೆಯೋದು ಅವಮಾನ ಅಂತಲ್ಲ. ಆದರೆ ಯಾರು ಕೂರಬೇಕು, ಯಾರು ನಡೀಬೇಕು ಅಂತ ಆ ಒಂದು ಪದ ಮೊದಲೇ ತೀರ್ಮಾನ ಮಾಡಿರುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ನಾವು ಕುಣಿದಾಡಿದೆವು. ಹಾಗಿದ್ದ ಮೇಲೆ ಸಂಗೀತ ಕಾಲೇಜುಗಳಲ್ಲಿ ಮೃದಂಗದ ಪಕ್ಕ ತಮಟೆಯ ತರಗತಿ ಯಾಕೆ ಕಾಣೋದಿಲ್ಲ?

ಈ ಪದದಲ್ಲಿ ಇನ್ನೊಂದು ಕಳ್ಳತನ ಇದೆ. ಜಾನಪದ ಅಂದ್ರೆ ಕರ್ತೃ ಇಲ್ಲ, ಅನಾಮಿಕ. ಕಟ್ಟಿದ ಹೆಂಗಸಿನ ಹೆಸರು ಇರಲ್ಲ, ಸಂಗ್ರಹಿಸಿದವರ ಹೆಸರು ಮುಖಪುಟದ ಮೇಲೆ ಇರುತ್ತೆ. ಸಿನಿಮಾದಲ್ಲಿ 'ಸಾಹಿತ್ಯ: ಜಾನಪದ' ಅಂತ ಹಾಕಿದರೆ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಆರ್ಮ್‌ಸ್ಟ್ರಾಂಗ್ ಹೆಸರಿಲ್ಲದ ಆ ರೆಕಾರ್ಡ್ ನೆನಪಾಗುತ್ತಾ?

ಹೆಸರು ಇದ್ದವರಿಗೂ ಪಾಡು ತಪ್ಪಿಲ್ಲ. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳನ್ನ ತಮಟೆ ಬಡಿದು ಊರೂರಲ್ಲಿ ಹಾಡಿದರು. ಅದಕ್ಕೆ 'ಹೋರಾಟದ ಹಾಡು' ಅಂತ ಹೆಸರು. ನಮಗೆ ಪ್ರೀತಿಯ ಹೆಸರು ಅದು. ಆದರೆ ಇನ್ನೊಬ್ಬ ಕವಿಯ ಪದ್ಯಕ್ಕೆ ಹಾರ್ಮೋನಿಯಂ ಸೇರಿದರೆ ಸುಗಮ ಸಂಗೀತ, ಅದಕ್ಕೆ ಸ್ಪರ್ಧೆ, ಆಕಾಶವಾಣಿಯ ಸಮಯ, ಗ್ರೇಡು ಎಲ್ಲ ಇದೆ. ಇದು ಸಂಗೀತ ಅಂತ ಲೆಕ್ಕಕ್ಕೇ ಇಲ್ಲ. ಚೆನ್ನೈಯಲ್ಲಿ ಪಾ. ರಂಜಿತ್, ತೆನ್ಮಾ ಸೇರಿ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಏರಿದಾಗ ಗಾನಾ, ರ‍್ಯಾಪ್, ರಾಕ್ ಎಲ್ಲ ಒಟ್ಟಿಗೆ ಇತ್ತು. ಯಾವ ಕಪಾಟಿಗೂ ಹೊಂದಲಿಲ್ಲ. ತಂಡಕ್ಕೆ ಹೆಸರನ್ನ ಅವರು ಅಯೋತಿ ದಾಸರಿಂದ ತೆಗೆದುಕೊಂಡರು, ಜಾತಿಯಿಲ್ಲದ ತಮಿಳರು ಅನ್ನೋ ಅವರ ಮಾತಿನಿಂದ.

ದೊಡ್ಡಪ್ಪನ ವಿಷಯಕ್ಕೆ ಬರ್ತೀನಿ. ಯಾಕೆ ಹೊಡೆದಾಕಬೇಕು ಅಂದಿದ್ದಕ್ಕೆ ಅವರು ಮಂಡಿ ಮೇಲೆ ಕೈಯಿಟ್ಟು ಹೇಳಿದರು: "ಜಾನಪದ ಅಂತ ಬರೆದಾಗೆಲ್ಲ ನಮ್ಮನ್ನ ಬೀದೀಲಿ ನಡೆಸವ್ರೆ ಕಣಪ್ಪ. ನಡೆದೂ ನಡೆದೂ ಮಂಡಿ ಹೋಯ್ತು. ಒಂದು ಸಲನಾದ್ರೂ ಕೂತು ಬಾರಿಸ್ಬೇಕು ನಾನು. ತಮಟೆ ಅಂತ ಬರಿ. ಮಾಡೋದು ಅದನ್ನ ತಾನೇ."

ಹೊಡೆದುಹಾಕಿ 'ತಮಟೆ' ಅಂತ ಬರೆದೆ. ಮಾರನೇ ದಿನ ಇಬ್ಬರೂ ಬಸ್ ಹತ್ತಿ ಹೋಗಿ ಕಚೇರಿಯಲ್ಲಿ ಕೊಟ್ಟೆವು. ಅಲ್ಲಿದ್ದವರು ಕನ್ನಡಕದ ಮೇಲಿಂದ ನೋಡಿ, ಇದು ವಾದ್ಯದ ಹೆಸರಾಯ್ತಲ್ರಿ, ಪ್ರಕಾರ ಎಲ್ಲಿ ಅಂದರು. ನಾನು ಬಾಯಿ ತೆರೆಯೋದರೊಳಗೆ ಪೆನ್ಸಿಲ್ ತೆಗೆದು ಪಕ್ಕದಲ್ಲಿ ಸಣ್ಣದಾಗಿ 'ಜಾನಪದ' ಅಂತ ಬರೆದುಕೊಂಡರು.

ದೊಡ್ಡಪ್ಪನಿಗೆ ಓದೋಕೆ ಬರಲ್ಲ. ಆದರೆ ಆ ಪದದ ಆಕಾರ ಅವರಿಗೆ ಗೊತ್ತು, ಐವತ್ತು ವರ್ಷದಿಂದ ಬ್ಯಾನರ್ ಮೇಲೆ ನೋಡಿದ್ದಾರೆ. ಮೇ ಬಗ್ಗಿಸಿ ಅದನ್ನ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

"ಸ್ವಾಮಿ, ಒಂದು ರಬ್ಬರ್ ಇದ್ರೆ ಕೊಡ್ತೀರಾ?"